ಉಚ್ಚೆಂಗಮ್ಮನ ಹಲ್ಲು

ಮಿಲ್ಲು ಮುಚ್ಚಿದಾಗ ಬಾಕಿ ಕೊಡಲಿಲ್ಲ,
ಇದ್ದದ್ದನ್ನು ಹಂಚಿದರು.
ಒಬ್ಬನಿಗೆ ಗೋಡೆ ಗಡಿಯಾರ, ಒಬ್ಬನಿಗೆ ತಕ್ಕಡಿ,
ನಮ್ಮ ಚಿಕ್ಕಮ್ಮ ಉಚ್ಚೆಂಗಮ್ಮನ ಪಾಲಿಗೆ
ಸಾಹುಕಾರರ ಕಾಂಟೆಸಾ.

ಗೋದಾಮಿನಲ್ಲಿ ಅರಳೆ ಹೊದ್ದು
ಹದಿನೇಳು ವರ್ಷ ಮಲಗಿದ್ದ ಕಾರು.
ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ,
ಕಾರ್ಬೊರೇಟರಿನಲ್ಲಿ ಕಣಜದ ಮಣ್ಣುಗೂಡು,
ತಳ ಎಷ್ಟು ತುಕ್ಕೆಂದರೆ
ಕೂತವರ ಕಾಲು ನೆಲಕ್ಕೇ ತಾಗುತ್ತಿತ್ತು.
ಗುಜರಿಯವನು ಮೂವತ್ತೆಂಟು ಸಾವಿರ ಅಂದ.
ಅವಳು ಬಾನೆಟ್ಟು ಎತ್ತಿದಳು, ನೋಡಿದಳು,
ಏನೂ ತಿಳಿಯದೆ ಮತ್ತೆ ಮುಚ್ಚಿದಳು.
"ಮಲಗಿದ್ದವರನ್ನ ತೂಕಕ್ಕೆ ಹಾಕಬಾರದು, ಹೋಗಪ್ಪ."

ಇಪ್ಪತ್ತಾರು ವರ್ಷ ರಿಂಗ್‌ಫ್ರೇಮಿನ ಮುಂದೆ ನಿಂತವಳು.
ಕಿವಿ ಎರಡೂ ಮಿಲ್ಲಿನಲ್ಲೇ ಉಳಿದುಬಿಟ್ಟಿವೆ.
ಮಾತಾಡಿದರೆ ತುಟಿ ನೋಡುತ್ತಾಳೆ,
ಫೋನು ನಡುಗಿದರೆ ನನ್ನ ಕೈಗೆ ಕೊಡುತ್ತಾಳೆ.

ನನ್ನ ಗ್ಯಾರೇಜು ಮಂಡಕ್ಕಿ ಭಟ್ಟಿಗಳ ಹಿಂದೆ.
ಹೊಗೆ ಅವರದೋ ನಮ್ಮದೋ, ಜಗಳ ಇಲ್ಲ.
ರಾತ್ರಿ ಎಂಟಾದ ಮೇಲೆ
ನಾನು, ದಾದಾಪೀರ, ಲೇತಿನ ಪಾಲಯ್ಯ.
ಅಮೆರಿಕದಲ್ಲಿ ಇಂಥವಕ್ಕೆ ಮಸಲ್ ಕಾರ್ ಅಂತಾರೆ,
ಮೊಬೈಲು ತೋರಿಸಿದ ದಾದಾಪೀರ.
ನಮ್ಮದರಲ್ಲಿ ಇದ್ದದ್ದು ಬರೀ ಮೂಳೆ.

ಬಿಚ್ಚಿದೆವು.
ಹೆಡ್ಡನ್ನು ಒಂದೂವರೆ ಮಿಲಿಮೀಟರ್ ಸವೆಸುವಾಗ
ಪಾಲಯ್ಯ ಬೀಡಿ ಆರಿಸಿದ, ಉಸಿರನ್ನೂ.
ಜೀಪಿನ ಶಾಫ್ಟು ಕತ್ತರಿಸಿ ಬೆಸೆದೆವು,
ಒಂದಿದ್ದ ಕಾರ್ಬೊರೇಟರು ಎರಡಾಯಿತು,
ಕಾರ್ಪೆಟ್ಟು, ಗಾಜು, ಹೀಟರು, ಗಂಧದ ವಾಸನೆಯ ಡಬ್ಬಿ,
ತೂಕ ಅನ್ನುವುದೆಲ್ಲ ಹೊರಗೆ.
ಹಿಂದಿನ ಸೀಟು ಚಿಕ್ಕಮ್ಮನ ಜಗಲಿ ಸೇರಿತು.
ಕೋಳಿಯೂ ಹಿಂದೆಯೇ ಹೋಯಿತು.

"ಇದನ್ನ ತಗಂಡು ಎಲ್ಲಿಗೆ ಹೋಗ್ತೀರೋ?"
ಎಲ್ಲಿಗೂ ಇಲ್ಲ ಚಿಕ್ಕಿ, ನಾನೂರು ಮೀಟರ್, ನೆಟ್ಟಗೆ.
"ಆಮೇಲೆ?"
ಆಮೇಲೆ ನಿಲ್ಲಿಸೋದು.
ಸೆರಗು ಬಾಯಿಗಿಟ್ಟು ನಕ್ಕಳು.
"ಮಿಲ್ಲಿನ ಗೇಟಿಂದ ಊಟದ ಶೆಡ್ಡಿಗೆ ಅಷ್ಟೇ ದೂರ.
ದಿನಾ ಓಡ್ತಿದ್ವಲ್ಲ ನಾವು,
ಬುತ್ತಿ ಕೈಯಾಗೆ ಹಿಡಕಂಡು."

ಇಂಜಿನ್ ಎದ್ದಿತು, ಆದರೆ ಕೆಮ್ಮುತ್ತಿತ್ತು.
ಮೂರು ವಾರ ಪ್ಲಗ್ಗು, ಪಾಯಿಂಟು, ವೈರು,
ಮತ್ತೆ ಪ್ಲಗ್ಗು.
ದಾದಾಪೀರ ಸ್ಪ್ಯಾನರ್ ಎಸೆದು
ಮಿರ್ಚಿ ತಿನ್ನಲು ಹೋಗಿಬಿಟ್ಟ.
ಆಗ ಬಂದಳು, ರೊಟ್ಟಿ ಗಂಟು ಇಳಿಸಿದಳು,
ಉದ್ದದ ಸ್ಕ್ರೂ ಡ್ರೈವರು ತೆಗೆದು
ತುದಿಯನ್ನು ಟ್ಯಾಪೆಟ್ ಕವರಿನ ಮೇಲೂರಿ
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದಳು.
ಭಟ್ಟಿಯ ಕಡೆಯಿಂದ ಅಕ್ಕಿ ಸಿಡಿಯುತ್ತಿತ್ತು.
ಅದು ನನಗೆ ಕೇಳುತ್ತಿತ್ತು, ಅಷ್ಟೇ.
ಅವಳು ತುದಿ ಸರಿಸಿದಳು, ಮತ್ತೊಮ್ಮೆ ಸರಿಸಿದಳು,
ಕಣ್ಣು ತೆರೆಯದೆ ಮೂರು ಬೆರಳೆತ್ತಿದಳು.
"ನೂಲು ಹರಿಯಾಕೆ ಮುಂಚೆ
ಸ್ಪಿಂಡಲ್ಲು ಹಿಂಗೇ ನಡುಗೋದು."
ಮೂರನೆಯ ಸಿಲಿಂಡರಿನ ವಾಲ್ವ್ ಗೈಡು
ಮುದುಕನ ದವಡೆ ಹಲ್ಲಿನಂತೆ ಸಡಿಲವಾಗಿತ್ತು.

ಚಿತ್ರದುರ್ಗದ ಆಚೆ, ಗಾಳಿಯಂತ್ರಗಳ ಗುಡ್ಡದ ಕೆಳಗೆ
ಕ್ಲಬ್ಬಿನವರು ಬಾಡಿಗೆಗೆ ಹಿಡಿದ ಟಾರು ಪಟ್ಟಿ.
ಹುಬ್ಬಳ್ಳಿಯಿಂದ ಬಂದ ಕಾರುಗಳ ಮೈಯಲ್ಲಿ
ನಮ್ಮ ಕಾರಿನ ಮುಖ ಕಾಣುತ್ತಿತ್ತು,
ಬಾಗಿಲು ಒಂದು ಬಣ್ಣ, ಬಾನೆಟ್ಟು ಇನ್ನೊಂದು.
ದಾದಾಪೀರ ಹೆಲ್ಮೆಟ್ಟೊಳಗೆ ಬಿಸ್ಮಿಲ್ಲಾ ಅಂದ.
ಹಳದಿ. ಹಳದಿ. ಹಸಿರು.
ಹಿಂದಿನ ಚಕ್ರ ಅಲ್ಲೇ ಉರಿದು,
ಹೊಗೆಯೊಳಗಿಂದ ಕಿತ್ತುಕೊಂಡು ಎದ್ದ
ನಮ್ಮ ಮೂಳೆಗಾಡಿ.
ಅವರು ಹದಿನಾಲ್ಕು ಸೆಕೆಂಡು,
ನಾವು ಹದಿನೇಳು ಚಿಲ್ಲರೆ.
ಚಪ್ಪಾಳೆ ತಟ್ಟಿದ್ದು ಯಾರಿಗೋ ಗೊತ್ತಿಲ್ಲ.

ತಿರುಗಿ ನೋಡಿದರೆ
ಗೆರೆಯ ಪಕ್ಕ, ಹಗ್ಗದಾಚೆ,
ಚಪ್ಪಲಿ ಕೈಯಲ್ಲಿ ಹಿಡಿದು
ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಿಂತಿದ್ದಾಳೆ.
ಸೋತ್ವಿ ಚಿಕ್ಕಿ, ಅಂದೆ, ತುಟಿ ಕಾಣುವಂತೆ.
ಅವಳು ನನ್ನ ತುಟಿ ನೋಡಲೇ ಇಲ್ಲ.
ಒಂದೊಂದೇ ಚಪ್ಪಲಿ ಮೆಟ್ಟಿದಳು.
"ನಾಲ್ಕನೇದು ಚೂರು ತಡ ಮಾಡ್ತೈತೆ.
ಸೋಮವಾರ ಬಿಚ್ಚು."